ತೋಯ್ ಅಂದರೆ ನೆನೆ

ನಮ್ಮ ಮನೆಯ ಮುಂಬಾಗಿಲ ಪಕ್ಕದಲ್ಲೇ ಕರೆಂಟು, ಗ್ಯಾಸು, ನೀರಿನ ಮೀಟರುಗಳು ಕೂತಿರುವ ಒಂದು ಇಕ್ಕಟ್ಟಿನ ಕಪಾಟಿದೆ. ಈ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಅಂಥದ್ದೊಂದು ಇರುತ್ತದೆ. ಎಲ್ಲರೂ ಅದರೊಳಗೆ ಮನೆಯಲ್ಲಿ ಬೇರೆಲ್ಲೂ ಜಾಗವಿಲ್ಲದ ಸಾಮಾನನ್ನೆಲ್ಲ ತುರುಕಿರುತ್ತಾರೆ. ಇವತ್ತು ಬೆಳಿಗ್ಗೆ ಮಳೆ ಜಿನುಗುತ್ತಿತ್ತು. ನಾನು ಛತ್ರಿ ಹುಡುಕುತ್ತ ಆ ಕಪಾಟಿನ ಬಾಗಿಲು ತೆಗೆದೆ. ಒಂದು ನೀಲಿ ಛತ್ರಿ ತಾನಾಗಿಯೇ ಜಾರಿ ಬಂದು ಕಾಲ ಮೇಲೆ ಬಿತ್ತು. ಹಿಡಿಕೆಗೆ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಕೊಂಡು ಆರು ವರ್ಷವಾದರೂ ಒಂದು ಸಲವೂ ಬಿಚ್ಚದ, ಮಳೆಯ ದೇಶದಲ್ಲಿದ್ದೂ ಒಂದು ಹನಿ ನೀರು ಕಾಣದ ಛತ್ರಿ ಅದು.

ನಾನು ಹೊರಟದ್ದು ಡಚ್ ಭಾಷೆಯಲ್ಲಿ ಮಾತಾಡುವ ಪರೀಕ್ಷೆಗೆ. ಹನ್ನೊಂದು ಗಂಟೆಗೆ. ಇದು ಮೂರನೇ ಸಲ. ಓದುವುದು, ಬರೆಯುವುದು, ಕೇಳಿಸಿಕೊಳ್ಳುವುದು ಎಲ್ಲ ಯಾವಾಗಲೋ ಪಾಸಾಗಿವೆ. ಮಾತಾಡುವುದರಲ್ಲಿ ಮಾತ್ರ ಎರಡು ಸಲ ಡುಮ್ಕಿ ಹೊಡೆದೆ. ದಾವಣಗೆರೆಯಲ್ಲಿ ನನ್ನ ಬಾಯಿ ಮುಚ್ಚಿಸಲು ಮೂವರು ಮೇಷ್ಟ್ರುಗಳಿಗೆ ಆಗಿರಲಿಲ್ಲ ಎಂದರೆ ಇಲ್ಲಿ ಯಾರೂ ನಂಬುವುದಿಲ್ಲ. ಎರಡನೇ ಸಲ ಫೇಲಾದ ಮೇಲೆ, ಈ ವಯಸ್ಸಿಗೆ ನಾಲಿಗೆ ತಿರುಗೋದಿಲ್ಲ ಎಂದು ನಾನೇ ತೀರ್ಪು ಕೊಟ್ಟುಕೊಂಡು ವರ್ಷಗಟ್ಟಲೆ ಆರಾಮಾಗಿದ್ದೆ. ನಾನು ಕೆಲಸ ಮಾಡುವುದು ವಿಮಾನದಲ್ಲಿ ಕಳೆದುಹೋದ ಸೂಟ್‌ಕೇಸುಗಳ ಗೋಳು ಕೇಳುವ ಕಚೇರಿಯಲ್ಲಿ. ಸೂಟ್‌ಕೇಸು ಕಳೆದುಕೊಂಡವರು ಯಾವ ದೇಶದವರಾದರೂ ಇಂಗ್ಲಿಷಿನಲ್ಲೇ ಬೈಯುತ್ತಾರೆ. ಹಾಗಾಗಿ ಡಚ್ ಬಾರದೆ ನನ್ನ ಅನ್ನಕ್ಕೇನೂ ಕಲ್ಲು ಬಿದ್ದಿರಲಿಲ್ಲ.

ಆದರೆ ನಾನು ಹೇಳಹೊರಟದ್ದು ನನ್ನ ಪರೀಕ್ಷೆಯ ಕಥೆಯಲ್ಲ, ಛತ್ರಿಯ ಕಥೆ. ಛತ್ರಿಯ ಕಥೆ ಎಂದರೆ ಕರುಣಾಳ ಕಥೆ.

ಕರುಣಾ ನಮ್ಮ ಮನೆಗೆ ಬಂದದ್ದು ಒಂದು ವಾಟ್ಸಾಪ್ ಸಂದೇಶದ ಮೂಲಕ. ಇಲ್ಲಿನ ಕನ್ನಡದವರ ಗುಂಪಿನಲ್ಲಿ ದಿನಾ ಯಾರಾದರೂ ರೂಮು ಕೇಳುತ್ತಲೇ ಇರುತ್ತಾರೆ. ಡೆಲ್ಫ್ಟ್‌ನಲ್ಲಿ ಓದುವ ಹುಡುಗರು ಎಲ್ಲರೂ ಒಂದೇ ಅಚ್ಚಿನಲ್ಲಿ ಬರೆಯುತ್ತಾರೆ: ಶಾಂತ ಸ್ವಭಾವ, ಶುಚಿಯಾಗಿರುತ್ತೇನೆ, ಗದ್ದಲವಿಲ್ಲ. ಇವಳದು ಬೇರೆ ಥರ ಇತ್ತು. "ಹೇಗ್‌ನ್ಯಾಗ ಸಂಗೀತ ಓದಿ ಮುಗಿಸೇನಿ. ರೂಮ್ ಬೇಕಾಗೇತಿ. ನಾನು ಸೊಪ್ರಾನೊ. ದಿನಾ ನಾಕು ತಾಸು ಹಾಡ್ತೇನಿ, ಜೋರಾಗಿ ಹಾಡ್ತೇನಿ. ಆಮ್ಯಾಲ ಜಗಳ ಬ್ಯಾಡ ಅಂತ ಮೊದಲ ಹೇಳಾಕತ್ತೇನಿ."

ನಮ್ಮ ಯಜಮಾನರಿಗೆ ಓದಿ ಹೇಳಿದೆ. ಅವರು ಜೈಡಾಸ್ ಎಂಬ ದೊಡ್ಡ ಕಚೇರಿಗಳ ಬಡಾವಣೆಯ ಒಂದು ಬ್ಯಾಂಕಿನಲ್ಲಿದ್ದಾರೆ. ಅಪ್ಪಟ ಬೆಂಗಳೂರಿನವರು.

"ಸೊಪ್ರಾನೊ ಅಂದ್ರೆ ಏನೇ? ಸೊಪ್ಪು ಮಾರೋರಾ?" ಅಂದರು.

ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ನನಗಿಲ್ಲವಾದ್ದರಿಂದ, "ಅದೊಂಥರಾ ಸಂಗೀತ, ನಿಮಗೆ ಅರ್ಥ ಆಗಲ್ಲ ಬಿಡಿ" ಅಂದೆ. ಹೆಂಗಸರ ಕಂಠಗಳಲ್ಲಿ ಎಲ್ಲಕ್ಕಿಂತ ಎತ್ತರದ್ದು ಅದು, ಮೈಕು ಇಲ್ಲದೆ ಐವತ್ತು ವಾದ್ಯಗಳನ್ನು ದಾಟಿ ಕೊನೇ ಸಾಲಿನ ಕುರ್ಚಿಗೂ ಕೇಳಿಸಬೇಕು ಎಂದು ಅವಳೇ ಬಂದ ಮೇಲೆ ಹೇಳಿಕೊಟ್ಟಳು. ನಾನು ಅವಳಿಗೆ ಅಟ್ಟದ ರೂಮು ಕೊಟ್ಟದ್ದು ಸಂಗೀತಕ್ಕಾಗಿ ಅಲ್ಲ. ಆ ಗುಂಪಿನ ನೂರಾರು ಇಂಗ್ಲಿಷ್ ಸಂದೇಶಗಳ ನಡುವೆ "ಹೇಳಾಕತ್ತೇನಿ" ಎಂಬ ಮಾತು ಕಂಡು ಜೀವ ಹಿತವಾಗಿತ್ತು, ಅಷ್ಟೇ.

ಅವಳು ಬೆಟಗೇರಿಯವಳು. ಅಪ್ಪನದು ನೇಕಾರಿಕೆ. ಹಿಂದೆ ಜರ್ಮನ್ ಪಾದ್ರಿಗಳು ಬಂದು ಕಟ್ಟಿದ ಚರ್ಚಿನಲ್ಲಿ ಭಾನುವಾರ ಅಪ್ಪನೇ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ರಾಗ ಜರ್ಮನಿಯದು, ಮಾತು ಕನ್ನಡದ್ದು, ನಾಲ್ಕು ಸ್ವರಗಳಲ್ಲಿ ಒಟ್ಟಿಗೆ ಹಾಡುವುದು. ಮನೆಯಲ್ಲಿ ಮಗ್ಗದ ಸದ್ದಿನ ಮೇಲೆ ಅಮ್ಮನನ್ನು ಕೂಗಿ ಕರೆದು ಕರೆದೇ ಗಂಟಲು ಗಟ್ಟಿಯಾಯಿತು ಎನ್ನುತ್ತಿದ್ದಳು. ಯಾರೋ ಕೇಳಿದರು, ಯಾರೋ ಬೆಂಗಳೂರಿಗೆ ಕಳಿಸಿದರು, ಅಲ್ಲಿಂದ ಇನ್ಯಾರೋ ಹೇಗ್‌ಗೆ ದಾರಿ ತೋರಿಸಿದರು. ಈ 'ಯಾರೋ'ಗಳ ಹೆಸರನ್ನೆಲ್ಲ ಅವಳು ಬಾಯಿಪಾಠವಾಗಿ ಹೇಳುತ್ತಿದ್ದಳು. ನಾನೇ ಮರೆತಿದ್ದೇನೆ.

ನಾನು ಹಿರಿಯಳೆಂದು ಅವಳು ನನ್ನನ್ನು 'ಆಪಾ' ಎಂದು ಕರೆಯತೊಡಗಿದಳು. ನಾವು ಮನೆಯಲ್ಲಿ ದಖನಿ ಆಡುವವರು, ಅದರಲ್ಲಿ ಆಪಾ ಎಂದರೆ ಅಕ್ಕ. ನನ್ನ ಮಗಳೇ ನನ್ನೊಡನೆ ಇಂಗ್ಲಿಷು, ಡಚ್ಚು ಬೆರೆಸಿ ಮಾತಾಡುತ್ತಿದ್ದ ಕಾಲದಲ್ಲಿ ಬೆಟಗೇರಿಯ ಕ್ರೈಸ್ತ ಹುಡುಗಿಯೊಬ್ಬಳು ಆಪಾ ಎಂದರೆ ಯಾರು ಕರಗುವುದಿಲ್ಲ ಹೇಳಿ.

ನಮ್ಮ ಮನೆ ಇರುವುದು ವಿಮಾನಗಳು ಇಳಿಯುವ ದಾರಿಯಲ್ಲಿ. ಒಂದರ ಹಿಂದೆ ಒಂದು ಹೆಂಚು ಸವರಿಕೊಂಡು ಹೋಗುವಂತೆ ಬರುತ್ತವೆ. ನಾವೆಲ್ಲ ಆಗ ಮಾತು ನಿಲ್ಲಿಸಿ, ಅದು ಹೋದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತೇವೆ. ಕರುಣಾ ನಿಲ್ಲಿಸುತ್ತಿರಲಿಲ್ಲ. ವಿಮಾನ ಬರುವ ಸದ್ದು ಕೇಳಿದ್ದೇ ಒಂದು ಸ್ವರ ಹಿಡಿಯುವಳು, ಅದು ದಾಟಿ ಹೋಗುವವರೆಗೂ ಬಿಡುತ್ತಿರಲಿಲ್ಲ. ಮೊದಲ ವಾರ ವಿಮಾನವೇ ಗೆಲ್ಲುತ್ತಿತ್ತು. ಎರಡು ತಿಂಗಳ ಹೊತ್ತಿಗೆ ಸಣ್ಣ ವಿಮಾನಗಳೆಲ್ಲ ಸೋತವು.

ಇಷ್ಟೆಲ್ಲ ಆದರೂ ಗೋಡೆಯಾಚೆಯವರ ಚಿಂತೆ ನನಗೆ ಇದ್ದೇ ಇತ್ತು. ಇಲ್ಲಿ ಮನೆಗಳು ರೈಲಿನ ಡಬ್ಬಿಗಳಂತೆ ಸಾಲಾಗಿ ಅಂಟಿಕೊಂಡಿರುತ್ತವೆ. ನಮ್ಮದಕ್ಕೆ ಅಂಟಿಕೊಂಡ ಮನೆಯಲ್ಲಿ ಯಾನ್ನೆಕೆ ಎಂಬ ಎಪ್ಪತ್ತು ದಾಟಿದ ಹೆಂಗಸು ಒಬ್ಬರೇ ಇದ್ದರು. ಅವರು ಬಂದು ಬೆಲ್ ಒತ್ತುವ ಮುಂಚೆ ನಾನೇ ಹೋಗುವುದು ಜಾಣತನವೆಂದು ಒಂದು ತಟ್ಟೆ ಸಮೋಸ ಹಿಡಿದು ಹೋದೆ. ಹೋಗಿ, ಡಚ್ ಭಾಷೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಕ್ಷಮಾಪಣೆಯನ್ನು ಒಪ್ಪಿಸಿದೆ. ಯಾನ್ನೆಕೆ ಸಮೋಸ ತೆಗೆದುಕೊಂಡರು, ಕ್ಷಮಾಪಣೆ ತೆಗೆದುಕೊಳ್ಳಲಿಲ್ಲ. ತಾವೂ ಒಂದು ಊರ ಮೇಳದಲ್ಲಿ ಮೂವತ್ತು ವರ್ಷದಿಂದ ಹಾಡುತ್ತಿರುವುದಾಗಿ ಹೇಳಿ, "ನನ್ನದೊಂದೇ ತಕರಾರು. ಆ ಹುಡುಗಿ ಯಾವಾಗಲೂ ಒಂದೇ ಜಾಗದಲ್ಲಿ ಬಂದು ನಿಂತುಬಿಡುತ್ತಾಳೆ. ಮುಂದೆ ಹೋಗಲು ಹೇಳು. ನನಗೆ ಇಲ್ಲಿ ಕಾದು ಕಾದು ಸಾಕಾಗಿದೆ" ಅಂದರು.

ಆ ಜಾಗದ ವಿಷಯ ನನಗೂ ಗೊತ್ತಿತ್ತು. ಈಸ್ಟರಿನ ಮುಂಚಿನ ವಾರಗಳಲ್ಲಿ ಈ ದೇಶದ ಊರೂರಿನ ಚರ್ಚುಗಳಲ್ಲೂ ಏಸುವಿನ ಕೊನೆಯ ದಿನಗಳ ಕಥೆಯನ್ನು ಹಾಡಿ ಹೇಳುತ್ತಾರೆ. ಮಾತು ಜರ್ಮನ್. ಮೇಳದವರು ಊರಿನ ಜನ, ಒಂಟಿಯಾಗಿ ಹಾಡುವವರನ್ನು ಮಾತ್ರ ಹೊರಗಿನಿಂದ ಕರೆಸುತ್ತಾರೆ. ಸೊಪ್ರಾನೊ ಆಗಿ ಬದುಕಬೇಕೆನ್ನುವವಳಿಗೆ ಮೊದಲ ಬಾಗಿಲು ಅದು, ಒಪೆರಾ ಅದರಾಚೆಯದು. ಕರುಣಾ ಅಂಥದ್ದೊಂದು ಹಾಡನ್ನು ವರ್ಷದಿಂದ ತಿದ್ದುತ್ತಿದ್ದಳು. ಒಂದು ಉದ್ದನೆಯ ಸಾಲು. ಅದು ಏರಿ ಏರಿ ಬಂದು ಇಳಿಯುವುದು ಒಂದು ಪುಟ್ಟ ಶಬ್ದದ ಮೇಲೆ, ರಾತ್ರಿ ಎನ್ನುವುದಕ್ಕೆ ಜರ್ಮನಿಯವರೂ ಡಚ್ಚರೂ ಇಬ್ಬರೂ ಬಳಸುವ ನಾಖ್ಟ್ ಎಂಬ ಶಬ್ದದ ಮೇಲೆ. ಅಲ್ಲಿ ಬಂದದ್ದೇ ಇವಳ ಬಾಯಲ್ಲಿ ಅದು 'ನಾಖ್ಟು' ಆಗುತ್ತಿತ್ತು. ಆದದ್ದೇ, ಅಟ್ಟದಿಂದ ಕಾಲು ಅಪ್ಪಳಿಸಿದ ಸದ್ದು ಕೇಳುತ್ತಿತ್ತು.

ನೀವು ಕನ್ನಡದವರು, ನಿಮಗೆ ಬಿಡಿಸಿ ಹೇಳಬೇಕಿಲ್ಲ. ಬಸ್ಸನ್ನು ಬಸ್ಸು ಮಾಡಿದವರು ನಾವು, ಬೆಂಚು ಕಾರು ಲೈಟು ಮಾಡಿದವರು ನಾವು. ವ್ಯಂಜನವನ್ನು ಬತ್ತಲೆ ಕಳಿಸಲು ನಮಗೆ ಮನಸ್ಸು ಒಪ್ಪುವುದಿಲ್ಲ, ಒಂದು 'ಉ' ಉಡಿಸಿಯೇ ಕಳಿಸುತ್ತೇವೆ. ಅವಳು ಬಾಲ್ಯದಿಂದ ಆ ಜರ್ಮನ್ ರಾಗಗಳನ್ನು ಕನ್ನಡದ ಮಾತಿನಲ್ಲೇ ಹಾಡಿದವಳು. ಆ ರಾಗದ ತುದಿ ಬಂದರೆ ನಾಲಿಗೆ ತಾನೇ ಒಂದು ಸ್ವರ ಹುಡುಕುತ್ತಿತ್ತು. "ಇಟಾಲಿಯನ್‌ದಾಗ ನಂಗೇನ್ ತ್ರಾಸಿಲ್ರಿ ಆಪಾ. ಅದು ನಮ್ ಕನ್ನಡದಂಗ. ಭಾಳ ಶಬ್ದಕ್ಕ ಬಾಲ ಐತಿ. ಈ ಜರ್ಮನ್ನರು ಬಾಲ ಕತ್ತರಿಸಿ ಒಗದಾರ" ಎನ್ನುವಳು. ಆಯ್ಕೆ ಮಾಡುವವರು ಬರೆದು ಕಳಿಸಿದ ಒಂದು ಕಾಗದದಲ್ಲಿ, ಕಂಠ ಚೆನ್ನಾಗಿದೆ, ಜರ್ಮನ್ ಮಾತ್ರ ಬೇರೆ ಯಾವುದೋ ಭಾಷೆಯಂತೆ ಕೇಳುತ್ತದೆ ಎಂದೇ ಇತ್ತು. ಅದು ನಿಜ. ಆ ಬೇರೆ ಯಾವುದೋ ಭಾಷೆ ನಮ್ಮದೇ.

ಬಾಲ ಕತ್ತರಿಸುವ ಕೆಲಸ ನಮ್ಮ ಅಡುಗೆಮನೆಯಲ್ಲಿ ನಡೆಯಿತು. ಗಂಟಲ ಮೇಲೆ ಎರಡು ಬೆರಳಿಟ್ಟುಕೊಳ್ಳಬೇಕು. ನಾಖ್ಟ್ ಎಂದಾಗ ಕೊನೆಯಲ್ಲಿ ಗಂಟಲು ನಡುಗಬಾರದು. ನಡುಗಿತೆಂದರೆ 'ಉ' ಬಂತೆಂದು ಅರ್ಥ. ಅವಳು ಹಾಡಿನಲ್ಲಿ, ನಾನು ಮಾತಿನಲ್ಲಿ. ನನಗೂ ಅದೇ ರೋಗವಲ್ಲವೇ. ನಾನು ಈರುಳ್ಳಿ ಹೆಚ್ಚುತ್ತ ನಾಖ್ಟು, ಆಖ್ಟು, ರೆಖ್ಟು ಎನ್ನುವುದು, ಅವಳು ತನ್ನ ಬೆರಳನ್ನು ನನ್ನ ಗಂಟಲ ಮೇಲಿಟ್ಟು, "ನಡಗಾಕತ್ತೇತಿ ಆಪಾ, ಮತ್ತೊಮ್ಮೆ" ಎನ್ನುವುದು. ನಾನು ಹತ್ತು ಸಲಕ್ಕೆ ಸುಸ್ತಾಗಿ, ಒಗ್ಗರಣೆ ಸೀಯುತ್ತದೆ ಎಂಬ ನೆಪ ಹೂಡುತ್ತಿದ್ದೆ. ಅವಳು ಮೆಟ್ಟಿಲು ಹತ್ತುತ್ತಲೂ ನಾಖ್ಟ್ ನಾಖ್ಟ್ ಎನ್ನುತ್ತ ಹೋಗುವಳು. ಎಷ್ಟು ಸಲವೋ, ಅಲ್ಲಾನೇ ಬಲ್ಲ.

ಇಲ್ಲಿ ಓದು ಮುಗಿಸಿದ ಪರದೇಶದವರಿಗೆ ಕೆಲಸ ಹುಡುಕಿಕೊಳ್ಳಲೆಂದು ಸರ್ಕಾರ ಒಂದು ವರ್ಷ ಕೊಡುತ್ತದೆ. ಝೂಕ್‌ಯಾರ್ ಎನ್ನುತ್ತಾರೆ, ಹುಡುಕುವ ವರ್ಷ. ಅದರೊಳಗೆ ಅವಳಿಗೆ ಯಾವುದಾದರೂ ಕೆಲಸದ ಕರಾರು ಸಿಗಬೇಕು, ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು. ಹತ್ತು ತಿಂಗಳು ಕಳೆದಿತ್ತು. ಅಷ್ಟರಲ್ಲಿ ಅವಳು ಹನ್ನೊಂದು ಕಡೆ ಹಾಡಿ ತೋರಿಸಿ ಬಂದಿದ್ದಳು. ಬಾಗಿಲ ಹೊರಗೆ ಸಾಲಾಗಿ ಕೂತಿರಬೇಕು, ಕರೆದಾಗ ಒಳಗೆ ಹೋಗಿ ಹಾಡಬೇಕು. ಮೇಜಿನ ಹಿಂದೆ ಕೂತವರು ಸಾಕೆನಿಸಿದಾಗ 'ಥ್ಯಾಂಕ್ಯೂ' ಎನ್ನುತ್ತಾರೆ. ಹಾಡಿನ ನಡುವೆಯೇ. ಥ್ಯಾಂಕ್ಯೂ ಎಂದರೆ ನಿಲ್ಲಿಸು, ಹೊರಡು ಎಂದರ್ಥ. "ನಂಗ ಥ್ಯಾಂಕ್ಯೂ ಅನ್ನೂ ಶಬ್ದ ಕೇಳಿದ್ರ ಮೈ ಉರಿತೈತಿ ಆಪಾ" ಎಂದಿದ್ದಳು ಒಮ್ಮೆ.

ಇಲ್ಲಿ ಒಂದು ಸಣ್ಣತನವನ್ನು ಒಪ್ಪಿಕೊಂಡುಬಿಡುತ್ತೇನೆ. ಅವಳು ನನಗೂ ಯಾವತ್ತೂ ಥ್ಯಾಂಕ್ಸ್ ಹೇಳಿದವಳಲ್ಲ. ನಮ್ಮ ಕಡೆ ಮನೆಮಂದಿಗೆ ಅದನ್ನು ಹೇಳುವ ರೂಢಿ ಇಲ್ಲ ಎಂಬುದು ನನಗೆ ತಿಳಿಯದ್ದಲ್ಲ. ಆದರೆ ಈ ದೇಶದಲ್ಲಿ ಬಸ್ಸಿನ ಡ್ರೈವರನಿಂದ ಹಿಡಿದು ಬಾಗಿಲು ಹಿಡಿದವರವರೆಗೆ ದಿನಕ್ಕೆ ಐವತ್ತು ಸಲ ಡಾಂಕ್ ಯು ವೆಲ್ ಕೇಳಿ ಹೇಳಿ ನನ್ನ ಕಿವಿ ಕೆಟ್ಟಿತ್ತು. ಅವಳಿಗಾಗಿ ನೆಗಡಿಯ ಕಷಾಯ ಕುದಿಸಿ ಅಟ್ಟಕ್ಕೆ ಹೊತ್ತೊಯ್ದಾಗ ಒಂದು ಮಾತು ಬಂದೀತೇ ಎಂದು ಕಾದಿದ್ದೇನೆ. ಬಟ್ಟಲು ಖಾಲಿ ಮಾಡಿ, "ಮೆಣಸು ಕಡಿಮಿ ಆತ್ರಿ" ಎನ್ನುವಳು.

ಅದು ರಂಜಾನ್ ತಿಂಗಳು. ಕಚೇರಿಯಲ್ಲಿ ಫೋನೆತ್ತುವವರು ಬೇಕಾಗಿದ್ದರು. ನಾನು ಕರುಣಾಳನ್ನು ಒಂದು ಮಾತೂ ಕೇಳದೆ ಅವಳ ಹೆಸರು ಕೊಟ್ಟುಬಂದೆ. ಅರ್ಜಿಯನ್ನೂ ನಾನೇ ತುಂಬಿದೆ. ಇಫ್ತಾರಿಗೆ ಅವಳೂ ನಮ್ಮೊಡನೆ ಕೂತು ಖರ್ಜೂರ ತಿನ್ನುತ್ತಿದ್ದವಳು. ಅರ್ಜಿಯನ್ನು ಅವಳ ತಟ್ಟೆಯ ಪಕ್ಕ ಇಟ್ಟೆ. ಅವಳು ಪೂರ್ತಿ ಓದಿದಳು, ನೀಟಾಗಿ ನಾಲ್ಕು ಮಡಿಕೆ ಮಾಡಿದಳು.

"ಛಲೋ ಕೆಲಸ ಐತ್ರಿ ಆಪಾ. ಖರೇ. ಆದ್ರ ನಾ ಒಲ್ಲೆ."

"ಒಲ್ಲೆ ಅಂದ್ರೆ? ಇನ್ನು ಒಂಬತ್ತು ವಾರ ಉಳಿದಿದೆ. ಕೈಯಲ್ಲಿ ಏನಿದೆ ನಿನಗೆ?"

"ಒಂಬತ್ತು ವಾರ ಐತಲ್ರಿ. ಒಂಬತ್ತು ವಾರ ಹಾಡ್ತೇನಿ."

ನನಗೆ ಸಿಟ್ಟು ನೆತ್ತಿಗೇರಿತು. ಉಪವಾಸ ಬಿಟ್ಟ ಹೊತ್ತಿನಲ್ಲಿ ಸಿಟ್ಟು ಮಾಡಬಾರದು ಎಂದು ನನ್ನ ಅಮ್ಮ ಹೇಳುತ್ತಿದ್ದಳು. ನಾನು ಅಮ್ಮನ ಮಾತು ಕೇಳಿದ್ದು ಯಾವಾಗ? "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ನಿನ್ನ ಹಣೆಬರಹ ಇಷ್ಟೇ. ಹನ್ನೊಂದು ಜನ ಬೇಡ ಅಂದಿದ್ದಾರೆ, ಹನ್ನೆರಡನೆಯವರು ಬಂದು ಆರತಿ ಎತ್ತುತ್ತಾರಾ?" ಎಂದುಬಿಟ್ಟೆ. ಯಜಮಾನರು, "ಬಿಡೇ, ಅವಳ ಲೈಫು, ಅವಳು ಡಿಸೈಡ್ ಮಾಡ್ಲಿ" ಎಂದದ್ದು ಯಾರಿಗೂ ಕೇಳಿಸಲಿಲ್ಲ.

ಕರುಣಾ ಅಳಲಿಲ್ಲ. "ಹೂವಿನ ಮಾತು ಬ್ಯಾಡ್ರಿ ಆಪಾ. ನಂಗ ಹಾಡು ಹೂವಲ್ಲ. ಅದ ಹಿಟ್ಟು" ಅಂದಳು. ತನ್ನ ತಟ್ಟೆ ತೊಳೆದಿಟ್ಟು ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಅಟ್ಟದಿಂದ ಆ ಉದ್ದ ಸಾಲು ಶುರುವಾಯಿತು. ಆಡಿದ ಮಾತು, ಒಡೆದ ಮುತ್ತು ಎನ್ನುತ್ತಾರೆ. ನಾಲ್ಕು ದಿನ ನಾವಿಬ್ಬರೂ ಉಪ್ಪು, ಬೀಗದ ಕೈ, ಬಾತ್‌ರೂಮು ಎಂಬ ಮೂರು ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ.

ಐದನೇ ದಿನ ಶನಿವಾರ. ಬೆಳಿಗ್ಗೆ ಒಂಬತ್ತಕ್ಕೆ ಯಾನ್ನೆಕೆ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಓಡಿಬಂದು ಬೆಲ್ ಒತ್ತಿದರು. ಅವರ ಮೇಳ ಅದೇ ಏಸುವಿನ ಕಥೆ ಹಾಡುವ ಕಾರ್ಯಕ್ರಮ ಅವತ್ತೇ ಮೂರು ಗಂಟೆಗೆ, ಹಾರ್ಲೆಮ್ ಕಡೆಯ ಒಂದು ಹಳೆಯ ಚರ್ಚಿನಲ್ಲಿ. ಸೊಪ್ರಾನೊಗೆ ಗಂಟಲು ಕಟ್ಟಿ ಮಾತೇ ಹೊರಡುತ್ತಿಲ್ಲ. ಮೇಳ ನಡೆಸುವವರು ಎಂಟು ಜನಕ್ಕೆ ಫೋನು ಮಾಡಿದರೂ ಎಲ್ಲರೂ ಬೇರೆ ಬೇರೆ ಊರಿನಲ್ಲಿ ಹಾಡುವವರಿದ್ದಾರೆ, ಅದೇ ಹಂಗಾಮಲ್ಲವೇ. "ನಿಮ್ಮ ಹುಡುಗಿಗೆ ಆ ಭಾಗ ಪೂರ್ತಿ ಬರುತ್ತದೆ ಎಂದು ನಾನೇ ಹೇಳಿದ್ದೇನೆ. ವರ್ಷವೆಲ್ಲ ಗೋಡೆಯಾಚೆ ಕೇಳಿದ್ದೇನಲ್ಲ" ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಆ ಜಾಗ ಈಗ ದಾಟುತ್ತಾಳೆಯೇ?"

ಮೆಟ್ಟಿಲ ಮೇಲೆ ಕರುಣಾ ನಿಂತಿದ್ದಳು. "ದಾಟ್ತೇನಿ" ಎಂದಳು, ಕನ್ನಡದಲ್ಲೇ. ಯಾನ್ನೆಕೆಗೆ ಅರ್ಥವಾಯಿತು.

ನಾನೇ ಕಾರು ಓಡಿಸಿದೆ. ದಾರಿಯುದ್ದಕ್ಕೂ ಕ್ಷಮೆ ಕೇಳಬೇಕೆಂದುಕೊಂಡೆ, ಸಿಗ್ನಲ್ಲುಗಳನ್ನು ಬೈದೆ. ಅವಳು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಗಂಟಲ ಮೇಲೆ ಎರಡು ಬೆರಳಿಟ್ಟುಕೊಂಡು ಕೂತಿದ್ದಳು. ಒಂದು ಗಂಟೆಗೆ ರಿಹರ್ಸಲ್ ಆಯಿತು. ಎರಡೂವರೆಯ ಹೊತ್ತಿಗೆ ಚರ್ಚಿನ ಮುಂದೆ ಜನ ಸೇರತೊಡಗಿದರು. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಪಕ್ಕದ ಸಣ್ಣ ಬಾಗಿಲಲ್ಲಿ ಯಾರದೋ ಕರಿಯ ಗೌನು ಹಾಕಿಕೊಂಡು ನಿಂತಿದ್ದ ಕರುಣಾಳ ಬಳಿ ಯಾನ್ನೆಕೆ ಬಂದು ಅವಳ ಭುಜ ಹಿಡಿದು ಹೇಳಿದರು: "ತೋಯ್ ತೋಯ್ ತೋಯ್."

ನನಗೆ ಆಶ್ಚರ್ಯವೇನೂ ಆಗಲಿಲ್ಲ. ಕರುಣಾ ಅವರಿಗೆ ಕನ್ನಡದ ನಾಲ್ಕಾರು ಮಾತು ಕಲಿಸಿದ್ದಳು. ನಮಸ್ಕಾರ ಬರುತ್ತಿತ್ತು, ಊಟಕ್ಕೆ ಕೂತಾಗ ಕೈ ಅಡ್ಡ ಹಿಡಿದು 'ಸಾಕು' ಎನ್ನುವುದು ಚೆನ್ನಾಗಿಯೇ ಬರುತ್ತಿತ್ತು. ಈಗ ತೋಯ್ ಎನ್ನುತ್ತಿದ್ದಾರೆ. ತೋಯ್ ಎಂದರೆ ನೆನೆ. ತೊಯ್ದು ತೊಪ್ಪೆಯಾಗು ಎನ್ನುತ್ತೇವಲ್ಲ, ಅದು. ಅಂದರೆ ಮಳೆ ಬರುತ್ತದೆ, ತೋಯುತ್ತೀಯ ಎಂದು ಎಚ್ಚರಿಸುತ್ತಿದ್ದಾರೆ. ಈ ದೇಶದವರು ಮಳೆಯ ಸಮಾಚಾರವನ್ನು ಫೋನಿನಲ್ಲಿ ನಿಮಿಷ ನಿಮಿಷಕ್ಕೂ ನೋಡಿಕೊಳ್ಳುವವರು, ಸುಮ್ಮನೆ ಹೇಳುವುದಿಲ್ಲ. ಕರುಣಾ ಮಾತ್ರ ಅದಕ್ಕೆ ಉತ್ತರವನ್ನೇ ಕೊಡದೆ ನಿಂತಿದ್ದಳು. ಹಿರಿಯರು ಕಾಳಜಿಯಿಂದ ಹೇಳಿದರೆ ಹೀಗೆ ಕಲ್ಲಿನ ಹಾಗೆ ನಿಲ್ಲುವುದೇ ಎಂದು ನನಗೆ ನಾಚಿಕೆಯಾಗಿ, ಅವಳ ಪರವಾಗಿ ನಾನೇ ಗಟ್ಟಿಯಾಗಿ "ಡಾಂಕ್ ಯು ವೆಲ್!" ಅಂದೆ.

ಯಾನ್ನೆಕೆ ಎದೆಯ ಮೇಲೆ ಕೈ ಇಟ್ಟುಕೊಂಡರು. ಅಕ್ಕಪಕ್ಕದ ಇಬ್ಬರು ಹೆಂಗಸರು "ಅಯ್ಯೋ" ಎನ್ನುವ ಅರ್ಥದ ಏನನ್ನೋ ಅಂದರು. ಒಬ್ಬರು ಓಡಿಹೋಗಿ ಬಾಗಿಲ ಮರವನ್ನು ಟಕಟಕ ಕುಟ್ಟಿದರು. ಏನೋ ತಪ್ಪಾಗಿದೆ, ಏನೆಂದು ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ನಾನು ಏನಾದರೂ ಕೆಲಸ ಮಾಡದೆ ಇರಲಾರೆ. ಎರವಲು ಗೌನು ತೊಯ್ದರೆ ಗತಿಯೇನು ಎಂದು ಎರಡು ಬೀದಿಯಾಚೆಯ ಅಂಗಡಿಗೆ ಓಡಿದೆ. ಸಾಲಿನಲ್ಲಿ ನಿಂತು ಒಂದು ನೀಲಿ ಛತ್ರಿ ಕೊಂಡು ಮತ್ತೆ ಓಡಿಬಂದೆ. ಬಾಗಿಲು ಮುಚ್ಚಿತ್ತು. ಬಾಗಿಲು ಕಾಯುತ್ತ ಹೊರಗೆ ನಿಂತಿದ್ದ ಮುದುಕರೊಬ್ಬರು ತುಟಿಯ ಮೇಲೆ ಬೆರಳಿಟ್ಟರು. ಶುರುವಾದ ಮೇಲೆ ನಡುವಿನ ಬಿಡುವಿನವರೆಗೂ ಯಾರನ್ನೂ ಬಿಡುವಂತಿಲ್ಲ.

ನಾನು ಪಿಸುದನಿಯಲ್ಲಿ ನನ್ನ ಹರಕುಮುರುಕು ಡಚ್ಚಿನಲ್ಲಿ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ಮೈ ಕುಲುಕಿಸಿ ಸದ್ದಿಲ್ಲದೆ ನಕ್ಕರು. ತೋಯ್ ತೋಯ್ ತೋಯ್ ಎಂಬುದು ಇಲ್ಲಿ ವೇದಿಕೆ ಹತ್ತುವವರಿಗೆ ಹೇಳುವ ಹಾರೈಕೆಯಂತೆ. ಕೆಟ್ಟ ಕಣ್ಣು ಬೀಳದಿರಲಿ ಎಂದು ಮೂರು ಸಲ ತುಪ್ಪುವ ಸದ್ದು. ನಾವು ದೃಷ್ಟಿ ತೆಗೆದು ಥೂ ಥೂ ಥೂ ಎನ್ನುತ್ತೇವಲ್ಲ, ಅದೇ. ಅದಕ್ಕೆ ಯಾವ ಕಾರಣಕ್ಕೂ ಉಪಕಾರ ಹೇಳಬಾರದು. ಹೇಳಿದರೆ ಹಾರೈಕೆ ಹಾರಿಹೋಗುತ್ತದೆ.

ನಾಲ್ಕು ದಿನದ ಹಿಂದೆ ಶಾಪದಂಥ ಮಾತಾಡಿದವಳು ಈಗ ಕೈಯಾರೆ ಅವಳ ಹಾರೈಕೆಯನ್ನೂ ಹಾರಿಸಿದ್ದೆ. ಬಾಯಿ ಒಣಗಿತ್ತು, ಉಪವಾಸ ಬೇರೆ. ಛತ್ರಿಯನ್ನು ಎದೆಗವಚಿಕೊಂಡು ಆ ದಪ್ಪ ಮರದ ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಮೇಳ ಹಾಡಿತು, ಗಂಡಸರು ಹಾಡಿದರು. ಆಮೇಲೆ ಅವಳು ಹಾಡಿದಳು.

ಅಡುಗೆಮನೆಯಲ್ಲಿ ವರ್ಷವೆಲ್ಲ ಕೇಳಿದ ಹಾಡೇ ಅದು. ಆದರೂ ನಾನು ಅದನ್ನು ಕೇಳಿರಲೇ ಇಲ್ಲ. ಒಗ್ಗರಣೆಯ ಸದ್ದು, ನೀರಿನ ನಲ್ಲಿ, ನನ್ನ ಬಡಬಡಿಕೆ ಯಾವುದೂ ಇಲ್ಲದೆ ಮೊದಲ ಸಲ ಕೇಳಿದೆ. ಸಾಲು ಏರತೊಡಗಿತು. ಅದೇ ಹೊತ್ತಿಗೆ, ಇನ್ನೇನು ಹೇಳಲಿ, ಮೇಲೆ ಒಂದು ವಿಮಾನ ಬಂತು. ಬಾಗಿಲ ಮುದುಕರು ಮುಖ ಸಿಂಡರಿಸಿದರು. ನಾನು ಹೆದರಲಿಲ್ಲ. ವಿಮಾನ ಅವಳಿಗೆ ಹಳೆಯ ಗಿರಾಕಿ. ನನ್ನ ಭಯವೆಲ್ಲ ಇದ್ದದ್ದು ಆ ಒಂದು ಪುಟ್ಟ ಶಬ್ದದ ಮೇಲೆ. ನನಗೇ ತಿಳಿಯದ ಹಾಗೆ ನನ್ನ ಎರಡು ಬೆರಳು ನನ್ನದೇ ಗಂಟಲ ಮೇಲೆ ಹೋಗಿದ್ದವು. ವಿಮಾನ ದಾಟಿತು, ಸ್ವರ ಉಳಿಯಿತು, ಇಳಿಯಿತು. ನಾಖ್ಟ್. ಕತ್ತರಿಸಿದ ಹಾಗೆ. ಬಾಲವಿಲ್ಲ, ಗೀಲವಿಲ್ಲ. ಅವಳು ಅಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಹೋದಳು. ನಾನು ಅಲ್ಲಿಯೇ, ಆ ಬಿಸಿಲಲ್ಲಿ, ಮುದುಕರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತೆ.

ಅವತ್ತು ಮಳೆ ಬರಲಿಲ್ಲ.

ಆ ಹಂಗಾಮಿನಲ್ಲೇ ಇನ್ನೆರಡು ಊರಿನವರು ಅವಳನ್ನು ಕರೆದರು. ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಊರೂರು ತಿರುಗುವ ಒಂದು ಒಪೆರಾ ಮೇಳದವರು ಹಾಡಿ ತೋರಿಸಲು ಹೇಳಿದರು. ಹನ್ನೆರಡನೆಯವರು. ಆರತಿ ಎತ್ತಲಿಲ್ಲ, ಕರಾರಿಗೆ ಸಹಿ ಹಾಕಿಸಿಕೊಂಡರು. ಹುಡುಕುವ ವರ್ಷ ಮುಗಿಯಲು ಹತ್ತು ದಿನ ಉಳಿದಿತ್ತು. ಮೊದಲ ಪಾತ್ರ ತಟ್ಟೆ ಹಿಡಿದು ಬರುವ ದಾಸಿಯದು, ಮೂರು ಸಾಲು. ನಾವೆಲ್ಲ ಹೋಗಿ ನೋಡಿದೆವು. ಯಜಮಾನರು ನಿದ್ದೆ ಹೋಗಿ, ಸರಿಯಾಗಿ ಆ ಮೂರು ಸಾಲಿಗೆ ಎದ್ದರು. "ನಮ್ ಕಡೆ ದೊಡ್ಡಾಟ ಇದ್ದಂಗ್ರಿ, ಬಣ್ಣ ಹಚ್ಕೊಂಡು ಎಲ್ಲಾ ಹಾಡೂದು" ಎಂದಳು ಅವಳು, ಬಣ್ಣ ಒರೆಸಿಕೊಳ್ಳುತ್ತ. ಮೂರು ವರ್ಷ ದಾಸಿಯಾಗಿ, ತಂಗಿಯಾಗಿ, ಕಿಟಕಿಯಲ್ಲಿ ಕಾಣುವ ಹೆಂಗಸಾಗಿ ಹಾಡಿದಳು. ವಸಂತ ಬಂದರೆ ಚರ್ಚು, ಉಳಿದ ದಿನ ಒಪೆರಾ. ಒಂದು ಚಳಿಗಾಲ ಗಂಟಲಿಗೆ ಗಂಟು ಬಂದು ಎರಡು ತಿಂಗಳು ಪಿಟ್ ಎನ್ನದೆ ಚೀಟಿ ಬರೆದು ತೋರಿಸುತ್ತ ನಮ್ಮ ಅಟ್ಟದಲ್ಲೇ ಇದ್ದಳು. ಆ ಚೀಟಿಗಳಲ್ಲೂ ಕಷಾಯಕ್ಕೆ ಮೆಣಸು ಕಡಿಮೆಯೇ ಆಗಿರುತ್ತಿತ್ತು. ಮತ್ತೆ ಸರಿಗಮದಿಂದ ಶುರು ಮಾಡಿದಳು. ಈಗ ಜರ್ಮನಿಯ ಒಂದು ಊರಿನ ಒಪೆರಾ ಮನೆಯಲ್ಲಿ ನಾಯಕಿಯ ಪಾತ್ರಕ್ಕೆ ಅವಳ ಹೆಸರಿದೆ. ಜರ್ಮನ್ನರಿಗೆ ಜರ್ಮನ್ ಹಾಡಿ ತೋರಿಸುತ್ತಿದ್ದಾಳೆ, ಬಾಲವಿಲ್ಲದೆ.

ಹೋದ ತಿಂಗಳು ಫೋನಿನಲ್ಲಿ ನನ್ನ ಪರೀಕ್ಷೆಯ ಮಾತು ಬಂತು. "ನನಗೆ ಬೇಡಮ್ಮ, ನಾನು ಒಲ್ಲೆ" ಎಂದೆ, ಅವಳದೇ ಶಬ್ದ ತೆಗೆದು.

"ಆಪಾ, ನಾ ಒಲ್ಲೆ ಅಂದಿದ್ದು ಬಿಡೂದನ್ನ. ನೀವು ಒಲ್ಲೆ ಅನ್ನಾಕತ್ತಿದ್ದು ಹಿಡಿಯೂದನ್ನ. ನನ್ನ ಶಬ್ದ ನನಗ ವಾಪಸ್ ಕೊಡ್ರಿ" ಎಂದು ನಕ್ಕಳು. ಆ ನಗುವಿಗೆ ಮೈಯೆಲ್ಲ ಉರಿದು ಅವತ್ತೇ ಪರೀಕ್ಷೆಗೆ ಹೆಸರು ಬರೆಸಿದೆ. ಆರು ವರ್ಷದ ಹಿಂದೆ ನಾನು ಕೇಳದೆ ಬಿಟ್ಟ ಕ್ಷಮೆಯನ್ನೂ ಆ ಫೋನಿನಲ್ಲೇ ಕೇಳಿದೆ. ಯಾವ ಮಾತು ಆಪಾ, ನನಗ ನೆನಪಿಲ್ಲ ಎಂದಳು. ಸುಳ್ಳು. ಅವಳು ಯಾವ ಮಾತನ್ನೂ ಮರೆಯುವವಳಲ್ಲ.

ಇವತ್ತು ಬೆಳಿಗ್ಗೆ ಛತ್ರಿ ಕೈಯಲ್ಲಿ ಹಿಡಿದು ನಿಂತಿದ್ದಾಗಲೇ ಫೋನು ಟಿಂಗ್ ಎಂದಿತು. ಅವಳದು. ಮೂರೇ ಶಬ್ದ: "ತೋಯ್ ತೋಯ್ ತೋಯ್."

ನನ್ನ ಹೆಬ್ಬೆರಳು ಅಭ್ಯಾಸಬಲದಿಂದ 'ಥ್ಯಾಂಕ್ಸ್' ಎಂದು ಬರೆಯಿತು. ಕಳಿಸುವ ಮುಂಚೆ ಸದ್ಯ ಕಣ್ಣಿಗೆ ಬಿತ್ತು. ಒಂದೊಂದೇ ಅಕ್ಷರ ಅಳಿಸಿದೆ. ಎಲ್ಲ ಅಳಿಸಿ, ಫೋನನ್ನು ಚೀಲಕ್ಕೆ ಹಾಕಿದೆ. ನನ್ನ ಕಷಾಯವನ್ನೂ ಹಾರೈಕೆಯೆಂದೇ ಕುಡಿದವಳು ಯಾಕೆ ನನಗೆ ಒಂದು ದಿನವೂ ಥ್ಯಾಂಕ್ಸ್ ಹೇಳಲಿಲ್ಲ ಎಂಬುದು, ಮೀಟರ್ ಕಪಾಟಿನ ಮುಂದೆ, ಇಷ್ಟು ತಡವಾಗಿ ನನಗೆ ತಿಳಿಯಿತು.

ನೆನೆಯುವುದು ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥವಿದೆಯಲ್ಲ, ಇಷ್ಟು ಹೊತ್ತು ನಾನು ಮಾಡಿದ್ದು ಒಂದನ್ನು. ಛತ್ರಿಯನ್ನು ಚೀಟಿ ಸಮೇತ ಕಪಾಟಿನೊಳಗೆ ಇಟ್ಟು ಬಾಗಿಲು ಹಾಕಿದೆ. ಜಿನುಗುವ ಮಳೆಯಲ್ಲೇ ಬಸ್ ನಿಲ್ದಾಣಕ್ಕೆ ನಡೆದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸು ತನ್ನ ಛತ್ರಿಯನ್ನು ನನ್ನ ಕಡೆ ವಾಲಿಸಿದಳು. ಬೇಡ ಎಂದು ತಲೆಯಾಡಿಸಿದೆ. ಗಂಟಲ ಮೇಲೆ ಎರಡು ಬೆರಳಿಟ್ಟುಕೊಂಡು ನಾಖ್ಟ್ ಎಂದೆ. ಒಂದಿಷ್ಟು ನಡುಗಿತು. ಬಸ್ಸು, ಅಲ್ಲ, ಬಸ್ ಬರಲು ಇನ್ನೂ ಆರು ನಿಮಿಷ ಇತ್ತು. ಮತ್ತೊಮ್ಮೆ ಹೇಳಿದೆ.